ಉಪವಾಸವಿದ್ದರೆ ಕ್ಷಯದ ರೋಗಾಣು ಸಾಯುತ್ತದೆಯೇ?

ಪ್ರಶ್ನೆ: ಡಾಕ್ಟರ್ ಅಕ್ಕನವರಿಗೆ ನಮಸ್ಕಾರ. ನಮ್ಮ ಮನೆಯವರು ಖಣ ನೇಯುತ್ತಾರೆ. ಕ್ಷಯರೋಗವೆಂದು ಗೊತ್ತಾಗಿ ಮಾತ್ರೆ ಶುರುಮಾಡಿ ನಲವತ್ತು ದಿನಗಳಾದವು. ಆಗ ತೂಕ 42 ಕಿಲೋ ಇತ್ತು, ಈಗ 43. ನಮ್ಮ ಭಾವನವರು ಮೊಬೈಲ್‌ನಲ್ಲಿ ಒಂದು ವಿಡಿಯೊ ತೋರಿಸಿದರು. ಉಪವಾಸವಿದ್ದರೆ ‘ಆಟೊಫೇಜಿ’ ನಡೆದು ದೇಹವೇ ರೋಗಾಣುಗಳನ್ನು ತಿಂದುಹಾಕುತ್ತದೆ, ಇದಕ್ಕೆ ನೊಬೆಲ್ ಪ್ರಶಸ್ತಿಯೂ ಬಂದಿದೆ ಎಂದು ಅದರಲ್ಲಿದೆ. ಈ ಶ್ರಾವಣದಲ್ಲಿ ವಾರಕ್ಕೆ ಎರಡು ದಿನ ನಿರಾಹಾರ ಇರುತ್ತೇನೆಂದು ಇವರು ಹಟ ಹಿಡಿದಿದ್ದಾರೆ. ಇರಬಹುದೇ? ಮನೆಯಲ್ಲಿ ಅತ್ತೆ ಮತ್ತು ನಾಲ್ಕು ವರ್ಷದ ಮಗ ಇದ್ದಾರೆ.
– ಓದುಗರೊಬ್ಬರು, ಗುಳೇದಗುಡ್ಡ

ಉತ್ತರ: ಬೇಡ ತಂಗಿ. ಮಾತ್ರೆ ಮುಗಿಯುವವರೆಗೆ ಒಂದು ಹೊತ್ತಿನ ಉಪವಾಸವೂ ಬೇಡ. ಮೊದಲು ಅವರ ತಟ್ಟೆಗೆ ರೊಟ್ಟಿ ಬಡಿಸಿ, ಆಮೇಲೆ ಇದನ್ನು ಅವರಿಗೇ ಓದಿ ಹೇಳಿ.

ವಿಡಿಯೊದಲ್ಲಿ ಇರುವುದೆಲ್ಲ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅದರಲ್ಲಿ ಅರ್ಧ ನಿಜವಿದೆ, ನನ್ನ ಸಂಕಟವೇ ಅದು.

ನಮ್ಮ ಅವ್ವ ಹಳೆಯ ಇಳಕಲ್ ಸೀರೆಗಳನ್ನು ಎಸೆದವಳಲ್ಲ. ಪಿಸಿದದ್ದನ್ನು ಕತ್ತರಿಸಿ ತೆಗೆದು, ಗಟ್ಟಿ ಉಳಿದದ್ದನ್ನು ಪದರಪದರವಾಗಿ ಇಟ್ಟು ಕೌದಿ ಹೊಲಿಯುತ್ತಿದ್ದಳು. ಜೀವಕೋಶವೂ ಹಾಗೆಯೇ ತನ್ನೊಳಗೆ ಹಳತಾದ ಭಾಗಗಳನ್ನು ಎರಡು ಪದರದ ಪೊರೆಯಲ್ಲಿ ಸುತ್ತಿ, ಲೈಸೋಸೋಮ್ ಎಂಬ ಆಮ್ಲ ತುಂಬಿದ ಚೀಲಕ್ಕೆ ಒಯ್ದು ಕರಗಿಸಿ, ಸಿಕ್ಕ ಸಾಮಗ್ರಿಯನ್ನು ಮತ್ತೆ ಬಳಸಿಕೊಳ್ಳುತ್ತದೆ. ಇದೇ ಆಟೊಫೇಜಿ, ಅಂದರೆ ಸ್ವಭಕ್ಷಣೆ. 1963ರಲ್ಲಿ ಈ ಹೆಸರಿಟ್ಟವರು ಕ್ರಿಶ್ಚಿಯನ್ ಡಿ ಡ್ಯೂವ್. 2016ರ ನೊಬೆಲ್ ಬಂದದ್ದು ಜಪಾನಿನ ಯೋಶಿನೋರಿ ಓಸುಮಿ ಅವರಿಗೆ, ಯೀಸ್ಟ್ ಕೋಶಗಳಲ್ಲಿ ಈ ಕ್ರಿಯೆಯನ್ನು ನಡೆಸುವ ಜೀನ್‌ಗಳನ್ನು ಗುರುತಿಸಿದ್ದಕ್ಕೆ. ಉಪವಾಸದಿಂದ ಕ್ಷಯ ವಾಸಿಯಾಗುತ್ತದೆ ಎಂಬುದಕ್ಕೆ ಯಾರಿಗೂ ನೊಬೆಲ್ ಬಂದಿಲ್ಲ.

ಇನ್ನು ರೋಗಾಣುವಿನ ಮಾತು. ಉಸಿರಿನೊಡನೆ ಒಳಹೊಕ್ಕ ಕ್ಷಯದ ಬ್ಯಾಕ್ಟೀರಿಯಾವನ್ನು ಶ್ವಾಸಕೋಶದ ಭಕ್ಷಕ ಕೋಶ ನುಂಗಿ ಒಂದು ಚೀಲದಲ್ಲಿ ಇಡುತ್ತದೆ. ಆ ಚೀಲ ಲೈಸೋಸೋಮಿಗೆ ಸೇರಿಕೊಂಡರೆ ರೋಗಾಣುವಿನ ಕಥೆ ಮುಗಿಯಬೇಕು. ಆದರೆ ಅದು ಆ ಸೇರ್ಪಡೆಯನ್ನೇ ತಡೆಯುತ್ತದೆ, ಚೀಲಕ್ಕೆ ತೂತನ್ನೂ ಕೊರೆಯುತ್ತದೆ. ಕೋಶ ಆಗಲೂ ಸುಮ್ಮನಿರುವುದಿಲ್ಲ. ಹರಿದ ಚೀಲಕ್ಕೂ ಒಳಗಿನ ರೋಗಾಣುವಿಗೂ ಯುಬಿಕ್ವಿಟಿನ್ ಎಂಬ ಪ್ರೋಟೀನಿನ ಗುರುತು ಹಚ್ಚುತ್ತದೆ. ಆ ಗುರುತು ಹಿಡಿದು ಎರಡು ಪದರದ ಪೊರೆ ಬಂದು ಕಳ್ಳನನ್ನು ಕೌದಿಯಲ್ಲಿ ಸುತ್ತಿ ಆಮ್ಲದ ಚೀಲಕ್ಕೆ ಎಳೆದೊಯ್ಯುತ್ತದೆ. ಇಷ್ಟು ವರ್ಷ ಎದೆಯ ಎಕ್ಸ್‌ರೇ ನೋಡಿದರೂ, ಕಣ್ಣಿಗೆ ಕಾಣದಷ್ಟು ಸಣ್ಣ ಕೋಶವೊಂದು ಹೀಗೆ ಹೋರಾಡುವುದನ್ನು ನೆನೆದರೆ ನನಗೆ ಈಗಲೂ ಮೈ ನವಿರೇಳುತ್ತದೆ.

2004ರಲ್ಲಿ ವಿಜ್ಞಾನಿಗಳು ಗಾಜಿನ ತಟ್ಟೆಯಲ್ಲಿದ್ದ ಸೋಂಕಿತ ಭಕ್ಷಕ ಕೋಶಗಳಿಗೆ ಪೋಷಕಾಂಶ ಕೊಡುವುದನ್ನು ಕೆಲ ಗಂಟೆ ನಿಲ್ಲಿಸಿದರು. ಸ್ವಭಕ್ಷಣೆ ಚುರುಕಾಯಿತು, ಬದುಕುಳಿದ ರೋಗಾಣುಗಳು ಕಡಿಮೆಯಾದವು. ನಿಮ್ಮ ಭಾವನವರ ವಿಡಿಯೊದ ಮೂಲ ಇಂಥ ಪ್ರಯೋಗವೇ ಇರಬೇಕು. ಆದರೆ ತಟ್ಟೆಯಲ್ಲಿ ಹಸಿದದ್ದು ಬಿಡಿ ಕೋಶ, 43 ಕಿಲೋದ ನೇಕಾರನಲ್ಲ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ವಭಕ್ಷಣೆಗೆ ಬೇಕಾದ ಹಲವು ಜೀನ್‌ಗಳನ್ನು ಒಂದೊಂದಾಗಿ ಇಲಿಗಳಿಂದ ತೆಗೆದು ನೋಡಿದರು. ಒಂದು ಜೀನನ್ನು ಬಿಟ್ಟರೆ ಉಳಿದವುಗಳ ಕೊರತೆಯಿಂದ ಕ್ಷಯ ಉಲ್ಬಣಿಸಲಿಲ್ಲ. ಇಲಿಯ ದೇಹದಲ್ಲಿಯೇ ಲೆಕ್ಕ ಇಷ್ಟು ತೊಡಕಾಗಿರುವಾಗ, ಮನುಷ್ಯನ ಬಾಯಿಂದ ರೊಟ್ಟಿ ಕಸಿಯುವ ಧೈರ್ಯ ಆ ವಿಡಿಯೊ ಮಾಡಿದವರಿಗೆ ಎಲ್ಲಿಂದ ಬಂತು?

ಮನುಷ್ಯರ ಮೇಲೆ ನಡೆದ ಅಧ್ಯಯನ ಹೇಳುವುದು ತದ್ವಿರುದ್ಧ. ಜಾರ್ಖಂಡದಲ್ಲಿ ರೋಗಿಗಳಿಗೂ ಅವರ ಮನೆಯವರಿಗೂ ತಿಂಗಳು ತಿಂಗಳು ದವಸಧಾನ್ಯ ಕೊಟ್ಟು ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಪೌಷ್ಟಿಕ ಆಹಾರ ಸಿಕ್ಕ ಮನೆಗಳಲ್ಲಿ ಉಳಿದವರಿಗೆ ಕ್ಷಯ ತಗಲುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಸುಮಾರು ಶೇಕಡಾ 60ರಷ್ಟು ಇಳಿದಿತ್ತು. ನಿಮ್ಮವರ ಲೆಕ್ಕದಲ್ಲಿ ಆ ಶೇಕಡಾ 5 ಎಂದರೆ ಎರಡು ಕಿಲೋಗಿಂತ ತುಸು ಹೆಚ್ಚು. ಒಂದು ಕಿಲೋ ಬಂದಿದೆ, ಇನ್ನೊಂದು ಬೇಕು, ಇರುವುದು ಇಪ್ಪತ್ತು ದಿನ.

ಸೊರಗಿದ ದೇಹದಲ್ಲಿ ಈ ಮಾತ್ರೆಗಳಿಂದ ಯಕೃತ್ತಿಗೆ ತೊಂದರೆಯಾಗುವ ಸಂಭವವೂ ಹೆಚ್ಚು. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಹೆದರಬೇಡಿ, ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ.

ಹರಕೆ ಹೊತ್ತಿದ್ದರೆ ಬನಶಂಕರಿಯ ಗುಡಿಗೆ ಹೋಗಿ ಕಾಯಿ ಒಡೆಸಿ ಬನ್ನಿ. ಅವರ ಬದಲು ನೀವು ಉಪವಾಸ ಹಿಡಿಯುವುದೂ ಬೇಡ, ಅದೇ ಮನೆಯ ಗಾಳಿ ಕುಡಿಯುವ ನಿಮಗೂ ಊಟ ಬೇಕು. ಶ್ರಾವಣದಲ್ಲಿ ಮೊಟ್ಟೆ ಒಲ್ಲೆ ಎಂದರೆ ಜೋಳದ ರೊಟ್ಟಿಯ ಜೊತೆ ಹೆಸರುಕಾಳಿನ ಅಥವಾ ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕೊಡಿ. ಪಂಚಮಿಗೆ ಕಟ್ಟುವ ಶೇಂಗಾ ಉಂಡಿ ಅವರಿಗೆ ಔಷಧಿಯಷ್ಟೇ ಮುಖ್ಯ, ಹಬ್ಬ ಮುಗಿದ ಮೇಲೂ ಕಟ್ಟಿಡಿ. ಕ್ಷಯರೋಗಿಗಳ ಊಟಕ್ಕೆಂದು ಸರ್ಕಾರ ನಡೆಸುವ ನಿಕ್ಷಯ್ ಪೋಷಣ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿಯ ಲೆಕ್ಕದಲ್ಲಿ ಹಣ ಖಾತೆಗೆ ಜಮೆಯಾಗಬೇಕು. ಬಂದಿಲ್ಲವಾದರೆ ಮಾತ್ರೆ ಕೊಡುವಲ್ಲಿಯೇ ಕೇಳಿ.

ಅಲ್ಲಿಗೆ ಹೋದಾಗ ಮಗನನ್ನೂ ಅತ್ತೆಯವರನ್ನೂ ಕರೆದೊಯ್ಯಿರಿ, ನೀವೂ ತಪಾಸಣೆ ಮಾಡಿಸಿಕೊಳ್ಳಿ. ರೋಗವಿಲ್ಲವೆಂದು ಖಚಿತವಾದ ಮೇಲೆ ಅದು ಬಾರದಂತೆ ತಡೆಯುವ ಮಾತ್ರೆ ಕೊಡುತ್ತಾರೆ. ಐದು ತುಂಬದ ಮಗುವಿನ ವಿಷಯದಲ್ಲಿ ಇದನ್ನು ಮುಂದಿನ ವಾರಕ್ಕೆ ತಳ್ಳಬೇಡಿ.