ಯುದ್ಧದ ಕವಿತೆಗಳನ್ನು ಕಳುಹಿಸಿದ ಯುವಕವಿಗೆ

ಪ್ರಿಯ ಕವಿಮಿತ್ರರೇ,

ಗಡಿಯ ಯುದ್ಧವನ್ನು ಕುರಿತ ನಿಮ್ಮ ಹದಿನಾಲ್ಕು ಕವಿತೆಗಳನ್ನು ಎರಡು ಬಾರಿ ಓದಿದೆ. ಅವುಗಳಲ್ಲಿ ‘ನೆತ್ತರು’ ಎಂಬ ಪದ ಮೂವತ್ತೊಂದು ಸಲ ಬಂದಿದೆ, ಎಣಿಸಿದ್ದಕ್ಕೆ ಕ್ಷಮೆಯಿರಲಿ. ಇಷ್ಟು ನೆತ್ತರು ಹರಿದರೂ ಹದಿಮೂರು ಕವಿತೆಗಳಲ್ಲಿ ಹೆಸರು, ಮುಖ, ಹಸಿವು ಇರುವ ಒಬ್ಬನೇ ಒಬ್ಬ ಮನುಷ್ಯನೂ ನನಗೆ ಎದುರಾಗಲಿಲ್ಲ. ಅವನ್ನು ಹಿಂದಿರುಗಿಸುತ್ತಿದ್ದೇನೆ.

ನಮ್ಮ ಹಳಗನ್ನಡ ಕಾವ್ಯದಲ್ಲಿ ನೆತ್ತರ ಹೊಳೆ ಹರಿದಿಲ್ಲವೇ ಎಂದು ನೀವು ಕೇಳಬಹುದು. ಹರಿದಿದೆ, ಧಾರಾಳವಾಗಿಯೇ ಹರಿದಿದೆ. ಆದರೆ ರನ್ನನ ‘ಗದಾಯುದ್ಧ’ದಲ್ಲಿ ಓದುಗನ ಕೊರಳು ಬಿಗಿಯುವುದು ಹೆಣಗಳ ರಾಶಿಯ ವರ್ಣನೆಯಿಂದಲ್ಲ. ಸಂಜಯನೊಡನೆ ರಣರಂಗದಲ್ಲಿ ನಡೆದು ಬರುವ ದುರ್ಯೋಧನ ತಮ್ಮನ ಹೆಣದ ಮುಂದೆ ನಿಂತಾಗ ನೆನೆಯುವುದು ತಾಯಿಯ ಹಾಲನ್ನು: ಮೊದಲು ನಾನು ಕುಡಿದೆ, ಬಳಿಕ ನೀನು ಕುಡಿದೆ, ಊಟದಲ್ಲೂ ನಾನು ಮೊದಲು, ನೀನು ಬಳಿಕ, ಬಾಲ್ಯದಿಂದ ಎಂದೂ ಈ ಸರದಿಯನ್ನು ಮೀರದ ನೀನು ಸಾವಿನಲ್ಲಿ ಮಾತ್ರ ನನಗಿಂತ ಮುಂದಾದೆ. ಹದಿನೆಂಟು ಅಕ್ಷೋಹಿಣಿಯ ಯುದ್ಧವನ್ನು ಕವಿ ಅಣ್ಣತಮ್ಮಂದಿರ ಊಟದ ಸರದಿಗೆ ಇಳಿಸಿದ್ದಾನೆ. ಹಾಗೆ ಅಳುವವನು ಸೋತ ಪಕ್ಷದವನು, ಅವನು ಅಳುತ್ತಿರುವುದು ದುಶ್ಶಾಸನನಿಗಾಗಿ, ಎಂಬುದನ್ನೂ ಗಮನಿಸಿ. ನಿಮ್ಮ ಕವಿತೆಗಳಲ್ಲಿ ಶತ್ರುವಿಗೆ ರಾಕ್ಷಸನ ವೇಷದ ಹೊರತು ಬೇರೇನೂ ಸಿಕ್ಕಿಲ್ಲ.

ನಿಮ್ಮ ಪತ್ರದಲ್ಲಿ ಇಂಗ್ಲಿಷ್ ಕವಿ ರೂಪರ್ಟ್ ಬ್ರೂಕ್ ನಿಮಗೆ ಮಾದರಿ ಎಂದಿದ್ದೀರಿ. ಮೊದಲ ಮಹಾಯುದ್ಧದ ಆರಂಭದಲ್ಲಿ, 1914ರಲ್ಲಿ, ತಾನು ಸತ್ತು ಮಲಗುವ ಪರದೇಶದ ಮಣ್ಣು ಎಂದೆಂದಿಗೂ ಇಂಗ್ಲೆಂಡೇ ಆಗಿರುತ್ತದೆ ಎಂದು ಬರೆದ ಆತ 1915ರ ಏಪ್ರಿಲ್‌ನಲ್ಲಿ, ತುರ್ಕಿಯ ಗಲಿಪೊಲಿ ರಣರಂಗಕ್ಕೆ ಹೋಗುವ ದಾರಿಯಲ್ಲೇ, ರಕ್ತ ನಂಜಾಗಿ ತೀರಿಕೊಂಡ. ಸೊಗಸಾದ ಕವಿತೆ, ಒಪ್ಪುತ್ತೇನೆ. ಆದರೆ ಅದು ಯುದ್ಧದ ಅನುಭವವಲ್ಲ, ಯುದ್ಧದ ನಿರೀಕ್ಷೆ. ಕಂದಕಗಳಲ್ಲಿ ಬದುಕಿದ ವಿಲ್ಫ್ರೆಡ್ ಓವೆನ್ 1917ರಲ್ಲಿ ಬರೆದ ವಿಷಾನಿಲದ ಕವಿತೆಯನ್ನು ಇದರ ಪಕ್ಕದಲ್ಲಿಟ್ಟು ಓದಿ. ಅಲ್ಲಿ ಸೈನಿಕರು ಮುದುಕಿಯರಂತೆ ಕೆಮ್ಮುತ್ತಾ, ಬೂಟು ಕಳೆದುಕೊಂಡು ಕೆಸರಿನಲ್ಲಿ ಕುಂಟುತ್ತಾರೆ. ಅನಿಲ ಬಂದಾಗ ಎಲ್ಲರೂ ತಡವರಿಸಿ ಮುಖಗವಸು ತೊಡುತ್ತಾರೆ, ಒಬ್ಬನಿಗೆ ಮಾತ್ರ ಆಗುವುದಿಲ್ಲ. ಅವನ ಸಾವನ್ನು ಕವಿ ತನ್ನ ಮುಖಗವಸಿನ ಮಸುಕಾದ ಗಾಜಿನ ಮೂಲಕ, ಹಸಿರು ಕಡಲಲ್ಲಿ ಮುಳುಗುವವನನ್ನು ಕಾಣುವಂತೆ, ಕಾಣುತ್ತಾನೆ. ಆ ಗಾಜು ಕಲ್ಪನೆಗೆ ಸಿಗುವಂಥದ್ದಲ್ಲ, ಅದನ್ನು ತೊಟ್ಟು ನೋಡಿದವನಿಗಷ್ಟೇ ಸಿಗುವಂಥದ್ದು. ದೇಶಕ್ಕಾಗಿ ಸಾಯುವುದು ಸಿಹಿಯೆಂಬ ಲ್ಯಾಟಿನ್ ಮಾತನ್ನು ಸುಳ್ಳೆಂದು ಕರೆಯುವ ಹಕ್ಕನ್ನು ಅವನು ಇಷ್ಟೆಲ್ಲ ತೋರಿಸಿದ ಮೇಲೆ ಪಡೆಯುತ್ತಾನೆ. ಯುದ್ಧ ನಿಲ್ಲಲು ಒಂದು ವಾರವಿದ್ದಾಗ, 1918ರ ನವೆಂಬರ್ 4ರಂದು, ತನ್ನ 25ನೆಯ ವಯಸ್ಸಿನಲ್ಲಿ ಅವನು ಹತನಾದ.

ಪ್ರಾಸದ ಬಗ್ಗೆ ಒಂದು ಮಾತು. ರಕ್ತ, ಶಕ್ತ, ಭಕ್ತ ಎಂದು ನೀವು ಸಾಲಿನ ಕೊನೆಯನ್ನು ಬಿಗಿದಷ್ಟೂ ಕವಿತೆ ಕವಾಯತಿನಂತೆ ಕೇಳುತ್ತದೆ. ಓವೆನ್ ಹಲವೆಡೆ ವ್ಯಂಜನಗಳನ್ನು ಹೊಂದಿಸಿ ನಡುವಿನ ಸ್ವರವನ್ನು ಬೇಕೆಂದೇ ತಪ್ಪಿಸಿದ. ಕಿವಿ ಕಾದದ್ದು ಅದಕ್ಕೆ ದಕ್ಕುವುದಿಲ್ಲ. ಸ್ವರ ಬದಲಾದರೂ ಎರಡನೆಯ ಅಕ್ಷರದ ವ್ಯಂಜನ ಹೊಂದಿದರೆ ಸಾಕೆನ್ನುವ ಆದಿಪ್ರಾಸದ ಕನ್ನಡ ಕಿವಿಗೆ ಇದೇನೂ ಪರಕೀಯವಲ್ಲ.

ಇನ್ನು ನಿಮ್ಮ ಒಂಬತ್ತನೆಯ ಕವಿತೆ. ಸೈನ್ಯದಿಂದ ರಜೆಗೆ ಬಂದ ಚಿಕ್ಕಪ್ಪ ಊಟಕ್ಕೆ ಕುಳಿತರೆ ಎಲ್ಲರಿಗಿಂತ ಮೊದಲು ತಟ್ಟೆ ಬರಿದು ಮಾಡಿ ಎದ್ದುಬಿಡುತ್ತಾರೆ. ‘ಯಾರೂ ಕಿತ್ತುಕೊಳ್ಳುವುದಿಲ್ಲ ಕಣೋ, ನಿಧಾನಕ್ಕೆ ಉಣ್ಣು’ ಎಂದು ಅಜ್ಜಿ ಹೇಳುತ್ತಾರೆ. ನಾನು ರಣರಂಗ ಕಂಡವನಲ್ಲ, ಏನು ಬರೆಯಲಿ ಎಂದು ಪತ್ರದಲ್ಲಿ ಅಳುಕಿದ್ದೀರಲ್ಲ, ನೀವು ಕಂಡ ಯುದ್ಧ ಈ ತಟ್ಟೆಯಲ್ಲಿದೆ. ದುರದೃಷ್ಟವಶಾತ್ ಮರುಸಾಲಿನಲ್ಲೇ ‘ಓ ವೀರಯೋಧನೇ, ನಿನಗೆ ನಮನ’ ಎಂದು ಆರಂಭಿಸಿ ಚಿಕ್ಕಪ್ಪನನ್ನು ಪ್ರತಿಮೆಯಾಗಿಸಿಬಿಟ್ಟಿದ್ದೀರಿ. ಅಲ್ಲಿಂದ ಮುಂದಿನ ಹನ್ನೆರಡು ಸಾಲುಗಳನ್ನು ಹೊಡೆದುಹಾಕಿದ್ದೇನೆ.

ಅಜ್ಜಿಯ ಆ ಮಾತಿಗೆ ಚಿಕ್ಕಪ್ಪ ಏನೆಂದರು? ಅವರು ಏನೂ ಹೇಳದೆ ಕೈ ತೊಳೆಯಲು ಹೋಗಿದ್ದರೆ ಅಷ್ಟನ್ನೇ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಕಾದಿರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ