ಫ್ರೆಂಚ್ ಹೆಸರಿದ್ದ ಮಾತ್ರಕ್ಕೆ ಫ್ರಾನ್ಸಿನ ಸೈನಿಕನಲ್ಲ

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಫ್ರೆಂಚ್ ದಂಡನಾಯಕ ಲಫಾಯೆತ್ ಜೊತೆ ಹೋರಾಡಿದನೆಂದು ನಿಮ್ಮ ಯಜಮಾನರ ಮನೆಯವರು ಹೇಳುವಂಥ ಪೂರ್ವಿಕನೊಬ್ಬ ನಮ್ಮ ಮನೆಯಲ್ಲೂ ಇದ್ದಾನೆ. ನಿಮ್ಮ ಮನೆಯ ಪೂರ್ವಿಕನ ಮೂಲ ತಿಳಿಯಲು ಪ್ಯಾರಿಸ್ಸಿನ ವಂಶಾವಳಿ ತಜ್ಞರಿಗೆ ಹಣ ಕೊಡಬೇಕೇ, ಡಿಎನ್‌ಎ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿದ್ದೀರಿ. ಎರಡೂ ಬೇಡ.

ನಾನು ಸೊಸೆಯಾಗಿ ಬಂದದ್ದು ನ್ಯೂಯಾರ್ಕ್ ರಾಜ್ಯದ ಉತ್ತರದಲ್ಲಿ, ಶಾಂಪ್ಲೇನ್ ಸರೋವರದ ಹತ್ತಿರದ ಮನೆತನಕ್ಕೆ. ಪೂರ್ವಿಕನು 1781ರಲ್ಲಿ, ಬ್ರಿಟಿಷರು ಸೋತ ಯಾರ್ಕ್‌ಟೌನ್ ಕದನದಲ್ಲಿ ಲಫಾಯೆತ್ ಕೈಕೆಳಗಿದ್ದನೆಂದು ಅತ್ತೆಯವರು ಹೇಳುತ್ತಿದ್ದರು. ಹೆಸರು ಫ್ರೆಂಚ್, ದಂಡನಾಯಕನೂ ಫ್ರೆಂಚ್. ಹಾಗಾದರೆ ಇವನೂ ಫ್ರಾನ್ಸಿನ ಸೇನಾಪತಿ ರೋಶಾಂಬೋನ ಸೈನ್ಯದೊಂದಿಗೆ ಹಡಗಿನಲ್ಲಿ ಬಂದವನೇ ಎಂದು ನಾನು ತೀರ್ಮಾನಿಸಿ, ಫ್ರಾನ್ಸಿನ ಸೇನಾಪಟ್ಟಿಗಳನ್ನೆಲ್ಲ ಜಾಲಾಡಿ, ಪ್ಯಾರಿಸ್ಸಿನವರಿಗೆ ದುಡ್ಡು ಸುರಿದೆ. ಅತ್ತೆಯವರ ಮಾತು ಅಕ್ಷರಶಃ ಸರಿಯಿತ್ತು, ತಪ್ಪಿದ್ದು ನನ್ನ ತರ್ಕ. ಯಾರ್ಕ್‌ಟೌನಿನಲ್ಲಿ ರೋಶಾಂಬೋ ಫ್ರಾನ್ಸಿನ ಸೈನ್ಯವನ್ನು ನಡೆಸುತ್ತಿದ್ದನು; ಲಫಾಯೆತ್ ನಡೆಸುತ್ತಿದ್ದುದು ಅಮೆರಿಕನ್ನರ ಒಂದು ವಿಭಾಗವನ್ನು. ಅದರೊಳಗೆ ಮೋಸಸ್ ಹೇಜನ್ ಎಂಬ ಅಧಿಕಾರಿಯ ಬ್ರಿಗೇಡ್ ಇತ್ತು, ಅವನ ರೆಜಿಮೆಂಟಿನಲ್ಲಿ ಕೆನಡಾದ ಫ್ರೆಂಚ್ ಭಾಷಿಕರ ನಾಡಾದ ಕ್ವಿಬೆಕ್ಕಿನಿಂದ ಬಂದ ರೈತರ ಮಕ್ಕಳಿದ್ದರು. ಅಟ್ಲಾಂಟಿಕ್ ದಾಟಿ ಹುಡುಕುತ್ತಿದ್ದ ನನಗೆ ಇದು ಹೊಳೆಯಲೇ ಇಲ್ಲ. ಅಷ್ಟಕ್ಕೇ ನಿಲ್ಲದೆ ನ್ಯೂಯಾರ್ಕ್ ರಾಜ್ಯದ ಸೈನಿಕರ ಪಟ್ಟಿಗಳಲ್ಲೂ ತಡಕಾಡಿದೆ. ಹೇಜನ್‌ನ ದಳವನ್ನು 1776ರ ಜನವರಿಯಲ್ಲಿ ಕಟ್ಟಿಸಿದ್ದು ನೇರವಾಗಿ ಕಾಂಗ್ರೆಸ್, ಅಂದರೆ ಬಂಡೆದ್ದ ಅಮೆರಿಕನ್ನರ ಪ್ರತಿನಿಧಿ ಸಭೆ. ಅದು ಯಾವ ರಾಜ್ಯಕ್ಕೂ ಸೇರಿದ್ದಲ್ಲವಾದ್ದರಿಂದ ರಾಜ್ಯದ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ?

ಸಿಕ್ಕಿದ್ದು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದ ಪಿಂಚಣಿ ಕಡತದಲ್ಲಿ. ಈ ಕಡತಗಳು ಅಂತರ್ಜಾಲದಲ್ಲೇ ಲಭ್ಯವಿವೆ. 1818ರ ಕಾಯಿದೆಯಡಿ ಬಡ ಸೈನಿಕರಿಗೆ ಪಿಂಚಣಿ ಮಂಜೂರಾಯಿತು. 1820ರಲ್ಲಿ, ಬಡತನಕ್ಕೆ ಪುರಾವೆಯಾಗಿ ಆಸ್ತಿಯ ಪಟ್ಟಿ ಕೊಡಿ ಎಂದರು. ನಮ್ಮವನ ಪಟ್ಟಿಯಲ್ಲಿ ಒಂದು ಹಸು, ಎರಡು ಹಂದಿ, ಕಾಲು ಮುರಿದ ಮೇಜು, ಒಂದು ಕಬ್ಬಿಣದ ಕಡಾಯಿ ಇವೆ. ಸಹಿಯ ಜಾಗದಲ್ಲಿ ಶಿಲುಬೆಯಾಕಾರದ ಗೀಟು, ಮೇಲೆ ಹೇಜನ್‌ನ ಹೆಸರು. ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾನಾದ್ದರಿಂದ ಮನೆತನದ ಹೆಸರನ್ನು ಹತ್ತು ಬಗೆಯ ಕಾಗುಣಿತದಲ್ಲಿ ಹುಡುಕಿ. ಸೈನಿಕನ ಹೆಸರಿನಲ್ಲಿ ಸಿಗದಿದ್ದರೆ ವಿಧವೆಯ ಅರ್ಜಿ ನೋಡಿ: 1836ರ ನಂತರ ಅವರಿಗೂ ಪಿಂಚಣಿ ಸಿಗುತ್ತಿತ್ತು, ಅದಕ್ಕಾಗಿ ಮದುವೆಯ ಪುರಾವೆಯನ್ನು ಲಗತ್ತಿಸಬೇಕಿತ್ತು.

ಡಿಎನ್‌ಎ ಪರೀಕ್ಷೆ ರೆಜಿಮೆಂಟಿನ ಹೆಸರು ಹೇಳುವುದಿಲ್ಲ. ಕೆಲವೇ ಸಾವಿರ ವಲಸಿಗರಿಂದ ಬೆಳೆದ ಸಮುದಾಯವಾದ್ದರಿಂದ ಅದರಲ್ಲಿ ಕ್ವಿಬೆಕ್ಕಿನ ಅರ್ಧ ಜನ ನಿಮ್ಮ ಯಜಮಾನರ ದಾಯಾದಿಗಳಾಗಿ ಕಾಣಿಸಬಹುದು, ಅಷ್ಟೆ.

ಇನ್ನೊಂದು ಮಾತು ನಿಮಗೆ ಹಿಡಿಸಲಿಕ್ಕಿಲ್ಲ. ಪೂರ್ವಿಕನು ಕ್ರಾಂತಿಯ ಪರವಾಗಿಯೇ ಹೋರಾಡಿದನೆಂದು ನೀವು ಮೊದಲೇ ಒಪ್ಪಿಕೊಂಡು ಕೂತಿದ್ದೀರಿ. 1777ರಲ್ಲಿ ಬ್ರಿಟಿಷ್ ಸೇನಾಪತಿ ಬರ್ಗಾಯ್ನ್ ಜೊತೆ ಬ್ರಿಟಿಷರ ಪರವಾಗಿ ಹೊರಟ ಕೆನಡಿಯನ್ನರೂ ಇದ್ದರು, ಎರಡೂ ಕಡೆಗೆ ಸೇರದೆ ಬೆಳೆ ಕೊಯ್ಯುತ್ತ ಉಳಿದವರಂತೂ ಬಹಳ. ಇದನ್ನು ತಿಳಿಯಲು, 1776ರಲ್ಲಿ ಬೇಬಿ, ತಾಶರೋ, ವಿಲಿಯಮ್ಸ್ ಎಂಬ ಮೂವರು ಕ್ವಿಬೆಕ್ ಪಟ್ಟಣದ ಸುತ್ತಲಿನ ಊರೂರು ತಿರುಗಿ, ಅಲ್ಲಿಗೆ ನುಗ್ಗಿದ್ದ ಅಮೆರಿಕನ್ನರಿಗೆ ನೆರವಾದವರು ಯಾರೆಂದು ಬರೆದಿಟ್ಟ ದಿನಚರಿ ಓದಿ. ಚರ್ಚಿನ ದಾಖಲೆಯಲ್ಲಿ ಆ ವರ್ಷಗಳಲ್ಲಿ ಹೆಸರು ಸಿಗಲಿಲ್ಲವೆಂದು ಎದೆಗುಂದಬೇಡಿ. ಅಮೆರಿಕನ್ನರ ಪರ ನಿಂತ ಬಂಡುಕೋರರಿಗೆ ಚರ್ಚಿನ ಸಂಸ್ಕಾರಗಳನ್ನು ಕೊಡಕೂಡದೆಂದು ಕ್ವಿಬೆಕ್ಕಿನ ಕ್ಯಾಥೊಲಿಕ್ ಬಿಷಪ್ ಬ್ರಿಯಾಂ ಅಪ್ಪಣೆ ಮಾಡಿದ್ದರು.

ಯುದ್ಧದ ನಂತರ ಊರಿಗೆ ಮರಳಲಾರದೆ ಉಳಿದ ಕೆನಡಿಯನ್ನರಿಗೆ ನ್ಯೂಯಾರ್ಕ್ ರಾಜ್ಯವು ಶಾಂಪ್ಲೇನ್ ಸರೋವರದ ಪಶ್ಚಿಮ ದಂಡೆಯಲ್ಲಿ ಜಮೀನು ಕೊಟ್ಟಿತು. ನಿಮ್ಮ ಯಜಮಾನರ ಕುಟುಂಬ ಆ ಕಡೆಯದಾದರೆ ಇಂದೇ ಕ್ಲಿಂಟನ್ ಕೌಂಟಿಯ ಹಳೆಯ ಜಮೀನು ಪತ್ರಗಳಿಂದ ಶುರುಮಾಡಿ.