ಗಾಲಿಬನಿಗೆ ಬಿದ್ದ ಇನ್ನೊಂದು ಏಟು

ಹಾವೇರಿಯ ನಿವೃತ್ತ ಮೇಷ್ಟ್ರೊಬ್ಬರು ಸಿಟ್ಟಾಗಿದ್ದಾರೆ: 'ಹಿಂದಿನ ಸಂಚಿಕೆಯಲ್ಲಿ ಉರ್ದು ಕವಿ ಮಿರ್ಜಾ ಗಾಲಿಬನ ಖಾಸಗಿ ಪತ್ರಗಳನ್ನು ಅಚ್ಚು ಹಾಕಿದ್ದೀರಿ. ಸತ್ತವನ ಸಾಲ, ಕಾಯಿಲೆ, ಕಣ್ಣೀರು ನಮಗೇಕೆ? ಅವನ ಗಜಲ್ ಸಾಲದೆ?'

ಮೇಷ್ಟ್ರೇ, ಗಾಲಿಬ್ ಮೊದಲು ನಿಮ್ಮ ಕಡೆಗೇ ಇದ್ದ. 1858ರಲ್ಲಿ ಶಿಷ್ಯರು ಪತ್ರಗಳನ್ನು ಅಚ್ಚು ಮಾಡಿಸಲು ಹೊರಟಾಗ, ಅವಸರದಲ್ಲಿ ಗೀಚಿದ್ದು ತನ್ನ ಕವಿತ್ವಕ್ಕೆ ಕುಂದು ಎಂದು ಬೇಡವೆಂದ. ಆಮೇಲೆ ಮೆತ್ತಗಾದ. 1868ರಲ್ಲಿ, ಅವನು ಬದುಕಿದ್ದಾಗಲೇ ಆ ಪತ್ರಗಳ ಸಂಕಲನ 'ಊದ್-ಎ-ಹಿಂದಿ' ಹೊರಬಂತು. ಅಲ್ಲಿಗೆ ನಿಮ್ಮ ಸಾಕ್ಷಿ ತಿರುಗಿಬಿದ್ದ ಹಾಗಾಯಿತು.

ಗಾಲಿಬನಿಗೆ ಹುಟ್ಟಿದ ಏಳು ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ. ಮಗನಂತೆ ಸಾಕಿದ ಆರಿಫ್ 1852ರಲ್ಲಿ ತೀರಿಕೊಂಡ. 1857ರ ದಂಗೆಯಲ್ಲಿ ತಮ್ಮ ಹೋದ, ಗೆಳೆಯರು ಚೆದುರಿದರು, ಮೂರು ವರ್ಷ ಪಿಂಚಣಿ ನಿಂತಿತು. ಆ ಹಾಳು ದಿಲ್ಲಿಯಲ್ಲಿ ಕುಳಿತು ಶಿಷ್ಯ ತಫ್ತಾನಿಗೆ ಬರೆಯುತ್ತಾನೆ: ಪತ್ರಗಳ ಭರವಸೆಯಲ್ಲೇ ಬದುಕಿದ್ದೇನೆ, ಯಾರ ಪತ್ರ ಬಂತೋ ಅವರೇ ಬಂದರೆಂದುಕೊಳ್ಳುತ್ತೇನೆ.

ಇನ್ನೊಬ್ಬ ಶಿಷ್ಯ ಸಾಲಿಕನಿಗೆ ಬರೆದದ್ದು ಇನ್ನೂ ಘೋರ, ಆದರೆ ಓದಿದರೆ ನಗು ಬರುತ್ತದೆ. ತನ್ನನ್ನೇ ಬೇರೊಬ್ಬನೆಂದು ಭಾವಿಸಿ ತಮಾಷೆ ನೋಡುತ್ತಾನಂತೆ. ದುಃಖ ಬಂದಾಗಲೆಲ್ಲ 'ತಗೋ, ಗಾಲಿಬನಿಗೆ ಇನ್ನೊಂದು ಚಪ್ಪಲಿಯೇಟು' ಅನ್ನುತ್ತಾನಂತೆ. 'ನನ್ನಂಥ ಕವಿಗೆ ಜವಾಬೇ ಇಲ್ಲ ಎಂದು ಮೆರೆಯುತ್ತಿದ್ದೆಯಲ್ಲ, ಈಗ ಸಾಲ ಕೊಟ್ಟವರಿಗೆ ಜವಾಬು ಕೊಡು!' ಗಜಲಿನಲ್ಲಿ ದುಃಖಕ್ಕೆ ಅತ್ತರು ಪೂಸಲೇಬೇಕು ಮೇಷ್ಟ್ರೇ. ಪತ್ರದಲ್ಲಿ ಅದು ಬರಿಮೈಯಲ್ಲಿ ಜಗಲಿಗೆ ಬಂದು ಕೂರುತ್ತದೆ. ನೀವು ನಲವತ್ತು ವರ್ಷ ಮಕ್ಕಳಿಗೆ ಕವಿತೆ ಕಲಿಸಿದವರು, ನಿಮಗೆ ನಾನು ಇದನ್ನು ಹೇಳಬೇಕೆ?

ನಮ್ಮ ಮನೆಗಳಲ್ಲೂ ಹೀಗೆಯೇ ಇತ್ತು. ನನ್ನ ಸೋದರತ್ತೆಯ ಕಾರ್ಡುಗಳೆಲ್ಲ 'ಉಭಯ ಕುಶಲೋಪರಿ ಸಾಂಪ್ರತ' ಎಂದೇ ಶುರುವಾಗುತ್ತಿದ್ದವು. ಕೊನೆಗೆ ಜಾಗವಿಲ್ಲದೆ ಅಂಚಿನುದ್ದಕ್ಕೂ ಅಡ್ಡಡ್ಡ ಬರೆದ ಒಂದು ಸಾಲಿನಲ್ಲಿ ಮಾತ್ರ ನಿಜ ಇರುತ್ತಿತ್ತು: 'ಸಾಧ್ಯವಾದರೆ ಒಮ್ಮೆ ಬಂದು ಹೋಗು.' ಅಪ್ಪ ಆ ಸಾಲನ್ನಷ್ಟೇ ಎರಡು ಸಲ ಓದುತ್ತಿದ್ದರು.

ಈಗ ಅಂಚೇ ಇಲ್ಲ. ನನ್ನ ಮೊಬೈಲಿಗೆ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯಗಳು ಬಂದು ಬೀಳುತ್ತವೆ. ಕಳಿಸಿದವರು ಹೇಗಿದ್ದಾರೆಂದು ಆ ಹೂವು ಹೇಳುವುದಿಲ್ಲ. ಹಿರಿಯ ಲೇಖಕರೊಬ್ಬರು ತೀರಿಕೊಂಡ ತಿಂಗಳಿಗೆ ಅವರ ಮನೆಗೆ ಹೋಗಿದ್ದೆ. ಪತ್ರಗಳೆಲ್ಲಿ ಎಂದು ಕೇಳಿದೆ. 'ಎರಡು ಚೀಲ ಇತ್ತು ಸಾರ್, ರದ್ದಿಗೆ ಹಾಕಿದೆವು, ಗೆದ್ದಲು ಹಿಡಿದಿತ್ತು' ಎಂದರು. ಖಾಸಗಿತನವನ್ನು ಇಷ್ಟು ಚೆನ್ನಾಗಿ ಕಾಪಾಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂದಹಾಗೆ, ನಿಮ್ಮ ನಾಲ್ಕು ಪುಟದ ಪತ್ರದ ಮೂಲೆಯಲ್ಲಿ 'ಓದಿ ಹರಿದುಹಾಕಿ' ಎಂದಿದೆ. ಓದಿದ್ದೇನೆ.